ಏಳನೇ ಪೀಪಾಯಿಯ ನೂರೆಂಟು ಲೀಟರು

ಮಾರ್ಚ್ 11, ಸೋಮವಾರ ಬೆಳಿಗ್ಗೆ 8.20ಕ್ಕೆ ಮೊಸೆಲ್ ನದಿ ದಂಡೆಯ ಸೀಲ್‌ಬಾಖ್ ಠಾಣೆಗೆ ದೂರು ಬಂತು. ದೂರುದಾರಳು ಲಿಯೋನಿ ಬಾರ್ಷೆನ್, ವಯಸ್ಸು ಇಪ್ಪತ್ತೊಂಬತ್ತು, ಕಸುಬು ದ್ರಾಕ್ಷಿ ಬೆಳೆದು ವೈನ್ ಮಾಡುವುದು. ಕುರ್ಚಿ ತೋರಿಸಿದರೂ ಆಕೆ ಕೂರಲಿಲ್ಲ.

"ನನ್ನ ಏಳನೇ ಪೀಪಾಯಿಗೆ ಯಾರೋ ಸಿಹಿ ಸುರಿದಿದ್ದಾರೆ, ಮೇಡಂ."

ಪೇದೆ ಊಡೊ ಕ್ರೆಮರ್ ಪೆನ್ನು ಕೆಳಗಿಟ್ಟ. "ಸಿಹಿ ಹಾಕಿದ್ದಕ್ಕೂ ಕೇಸಾ? ನಮ್ಮಜ್ಜಿ ಇದ್ದಿದ್ರೆ ಬಹುಮಾನ ಕೊಡ್ತಿದ್ಲು."

ಇನ್‌ಸ್ಪೆಕ್ಟರ್ ಹೆಡ್ವಿಗ್ ಥೀಲೆನ್ ಅವನ ಕಡೆ ಒಮ್ಮೆ ನೋಡಿದರು. ಆತ ಪೆನ್ನು ಎತ್ತಿಕೊಂಡ.

ಎಫ್‌ಐಆರ್‌ನಲ್ಲಿ ದಾಖಲಾದದ್ದು ಇಷ್ಟು: ಊರ ಮೇಲಿನ ಕಡಿದಾದ ಸ್ಲೇಟುಗಲ್ಲಿನ ಗುಡ್ಡದ ರೀಸ್ಲಿಂಗ್ ದ್ರಾಕ್ಷಿಯಿಂದ ಲಿಯೋನಿ ಮೊದಲ ಬಾರಿಗೆ ಡ್ರೈ, ಅಂದರೆ ಸಿಹಿಯಿಲ್ಲದ, ವೈನ್ ಮಾಡಿದ್ದಾಳೆ. ಒಟ್ಟು ಒಂದು ಸಾವಿರ ಲೀಟರು. ಫೆಬ್ರವರಿ 26ರಂದು ಅದರಲ್ಲಿ ಲೀಟರಿಗೆ ಐದು ಗ್ರಾಂ ಸಕ್ಕರೆ ಇತ್ತು. ನಿನ್ನೆ ಸಂಜೆ ಅಳೆದಾಗ ಇಪ್ಪತ್ನಾಲ್ಕು. ಒಂಬತ್ತು ದಾಟಿದರೆ ಡ್ರೈ ಎಂದು ಹೇಳುವಂತಿಲ್ಲ. ಬುಧವಾರ ಸಂಜೆ ನಾಲ್ಕಕ್ಕೆ ಊರ ಸಮಿತಿಯ ಒಂಬತ್ತು ಮಂದಿ ಅದರ ರುಚಿ ನೋಡುತ್ತಾರೆ. ಒಪ್ಪಿದರೆ ಗುಡ್ಡ ಇಪ್ಪತ್ತು ವರ್ಷ ಅವಳ ಗೇಣಿಗೆ. ಒಪ್ಪದಿದ್ದರೆ ಅವಳಜ್ಜ ನೆಟ್ಟ ಬಳ್ಳಿಗಳನ್ನು ಬೇರುಸಹಿತ ಕೀಳಿಸಿ, ಗುಡ್ಡವನ್ನು ಮುಳ್ಳುಪೊದೆಗೆ ಬಿಡುವುದೆಂದು ಈಗಾಗಲೇ ಮಾತಾಗಿದೆ.

9.40ಕ್ಕೆ ನೆಲಮಾಳಿಗೆಯಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಇನ್ನೊಂದು ಕೀಲಿ ದ್ರಾಕ್ಷಿ ಹಿಂಡುವ ಗಾಣದ ಮನೆ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು.

"ಇದು ಯಾರ‍್ಯಾರಿಗೆ ಗೊತ್ತು?"

"ಊರಿಗೆಲ್ಲ ಗೊತ್ತು," ಎಂದಳು ಲಿಯೋನಿ. "ಪಾದ್ರಿಗೂ."

ರಬ್ಬರ್ ಪೈಪನ್ನು ತೊಳೆದು, ನೀರು ಇಳಿಯುವಂತೆ ಬಾಯಿ ಕೆಳಗೆ ಮಾಡಿ ತೂಗುಹಾಕಲಾಗಿತ್ತು. ಥೀಲೆನ್ ಪೀಪಾಯಿಯ ಬಿರಡೆ ತೆಗೆದು ಬೆರಳಿಳಿಸಿದರು. ವೈನ್ ಬಾಯಿಮಟ್ಟ ಇತ್ತು.

"ಸಿಹಿ ಸುರಿಯೋಕೆ ಮುಂಚೆಯೂ ತುಂಬಿತ್ತಾ?"

"ತುಂಬೇ ಇರುತ್ತೆ ಮೇಡಂ. ಗಾಳಿ ಸೇರಿದರೆ ವೈನ್ ಕೆಡುತ್ತೆ."

"ಹಾಗಾದರೆ ಒಳಗೆ ಹೋದಷ್ಟು ಹೊರಗೆ ಬಂದಿರಬೇಕು."

ಹುದುಗಿಸದೆ ಇಟ್ಟ ದ್ರಾಕ್ಷಿರಸ ಬೆರೆಸಿ ವೈನ್ ಸಿಹಿ ಮಾಡುವುದು ಇಲ್ಲಿನ ಹಳೆಯ ರೂಢಿ. ಐದನ್ನು ಇಪ್ಪತ್ನಾಲ್ಕಕ್ಕೆ ಏರಿಸಲು ಎಷ್ಟು ರಸ ಬೇಕೆಂದು ಲಿಯೋನಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದಳು. ನೂರೆಂಟು ಲೀಟರು. ಥೀಲೆನ್ ಮೊಣಕಾಲೂರಿ ಚರಂಡಿಯ ಜಾಲರಿ ಮೂಸಿದರು. ಬರೀ ನೀರಿನ ವಾಸನೆ.

"ಕ್ರೆಮರ್, ಈ ಊರಲ್ಲಿ ಹುಟ್ಟಿದವನು ವೈನನ್ನ ಚರಂಡಿಗೆ ಸುರೀತಾನಾ?"

"ಅಮ್ಮನ್ನ ಬೇಕಾದ್ರೆ ಮಾರ‍್ತಾನೆ ಮೇಡಂ. ವೈನ್ ಸುರಿಯಲ್ಲ."

"ಹಾಗಾದ್ರೆ ಆ ನೂರೆಂಟು ಲೀಟರ್ ಎಲ್ಲೋ ಜೋಪಾನವಾಗಿದೆ. ಹುಡುಕೋಣ."

ಮಧ್ಯಾಹ್ನ 2 ಗಂಟೆಗೆ ಪಕ್ಕದ ತೋಟದ ಬೆರ್ಟೋಲ್ಡ್ ಶ್ನೋರ್‌ನ ನೆಲಮಾಳಿಗೆಯ ಶೋಧ. ಬಳ್ಳಿ ಕೀಳಿಸಬೇಕೆಂದು ಸಮಿತಿಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ಅವನೇ. ಅಲ್ಲಿ ಏನೂ ಸಿಗಲಿಲ್ಲ.

"ನಾನಾಗಿದ್ರೆ ಉಪ್ಪು ಸುರೀತಿದ್ದೆ," ಎಂದ ಶ್ನೋರ್. "ನಿಮಗೆ ತಲೆ ಇದ್ರೆ ಯೋಚನೆ ಮಾಡಿ. ಹಾಳು ಮಾಡೋ ಮನಸ್ಸಿದ್ದೋನು ಯಾವನಾದ್ರೂ ಒಳ್ಳೇ ದ್ರಾಕ್ಷಿರಸ ಖರ್ಚು ಮಾಡ್ತಾನಾ?"

ಹೊರಗೆ ಬಂದು ಕ್ರೆಮರ್, "ಕೊಬ್ಬು ನೋಡಿ ಮೇಡಂ!" ಎಂದ.

"ಕೊಬ್ಬಿರಬಹುದು. ಆದರೆ ಹೇಳಿದ್ದು ನಿಜ," ಎಂದರು ಥೀಲೆನ್. ತೊಳೆದು ತೂಗುಹಾಕಿದ ಆ ಪೈಪು ಅವರ ಕಣ್ಣಿಗೆ ಕಟ್ಟಿತ್ತು. ಹಾಳು ಮಾಡಲು ಬಂದವನು ಪೈಪನ್ನು ಅಷ್ಟು ಜೋಪಾನವಾಗಿ ಇಟ್ಟು ಹೋಗುವುದಿಲ್ಲ. ಸಂಜೆ ಲಿಯೋನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. "ಪೈಪನ್ನ ಹಾಗೆ ತೂಗುಹಾಕೋದು ನಿನಗೆ ಕಲಿಸಿದ್ದು ಯಾರು?"

"ಆಲೊಯ್ಸ್ ಮಾಮ," ಎಂದಳು ಲಿಯೋನಿ.

ಆಲೊಯ್ಸ್ ಮೆರ್ಟೆಸ್, ವಯಸ್ಸು ಎಪ್ಪತ್ತೊಂದು. ಬಾರ್ಷೆನ್ ಮನೆಯ ಪೀಪಾಯಿಗಳನ್ನು ನಲವತ್ತಾರು ವರ್ಷ ನೋಡಿಕೊಂಡವನು. ಊರಿಗೆ ಹೆಸರು ತಂದದ್ದು ಅವನ ಸಿಹಿ ವೈನ್.

ಮಂಗಳವಾರ ಬೆಳಿಗ್ಗೆ 10.15ಕ್ಕೆ ಅವನೇ ಬಾಗಿಲು ತೆರೆದ.

"ಥೀಲೆನ್ ಮಗಳಲ್ವಾ ನೀನು? ಬೂಟು ಒರೆಸ್ಕೊಂಡು ಬಾ. ನಿಮ್ಮಪ್ಪಂಗೂ ಹೇಳ್ಬೇಕಾಗ್ತಿತ್ತು."

ಥೀಲೆನ್ ಬೂಟು ಒರೆಸಿಕೊಂಡರು. "ಕೆಳಗೆ ತಂಪಲ್ಲಿರೋ ಆಲೂಗಡ್ಡೆ ಕೋಣೆ ನೋಡ್ಬೇಕು, ಮೆರ್ಟೆಸ್ ಅವರೇ."

"ಕೆಳಗೆ ಮೂರನೇ ಮೆಟ್ಟಿಲು ಸಡಿಲ. ಹುಷಾರು."

ಐವತ್ನಾಲ್ಕು ಲೀಟರಿನ ಎರಡು ಗಾಜಿನ ಜಾಡಿಗಳು ಒದ್ದೆ ಗೋಣಿ ಹೊದ್ದು ನಿಂತಿದ್ದವು. ಎರಡೂ ಕಂಠಮಟ್ಟ ತುಂಬಿದ್ದವು. ಸೀಮೆಸುಣ್ಣದ ಬರಹ ಸ್ಪಷ್ಟವಾಗಿತ್ತು: ಪೀಪಾಯಿ 7, ಮಾರ್ಚ್ 1. ಕ್ರೆಮರ್ ಟಾರ್ಚ್ ಹಿಡಿದ. ಒಂದು ಜಾಡಿಯ ತಳದಲ್ಲಿ ಗಾಜಿನ ಗೋಲಿಗಳು ಹೊಳೆದವು. ಅದನ್ನೂ ಜಪ್ತಿ ಪಟ್ಟಿಗೆ ಬರೆದ.

10.50ಕ್ಕೆ ಆಲೊಯ್ಸ್ ಮೆರ್ಟೆಸ್‌ನನ್ನು ಬಂಧಿಸಲಾಯಿತು. ಅವನು ಕೇಳಿದ್ದು ಟೋಪಿಯನ್ನು ಮಾತ್ರ.

ಥೀಲೆನ್ ಆ ದಿನವೆಲ್ಲ ಸರ್ಕಾರಿ ವಕೀಲರ ಬೆನ್ನು ಬಿಡಲಿಲ್ಲ. ಸಾಕ್ಷ್ಯಕ್ಕೆಂದು ಎರಡು ಬಾಟಲಿಗೆ ಅರಗಿನ ಮುದ್ರೆ ಒತ್ತಿ, ಉಳಿದದ್ದನ್ನು ಮುಚ್ಚಳಿಕೆಯ ಮೇಲೆ ಮಾಲೀಕಳಿಗೆ ಬಿಡಬೇಕೆಂದು ನಾಲ್ಕು ಸಲ ಫೋನ್ ಮಾಡಿದರು. ಬುಧವಾರ ಮಧ್ಯಾಹ್ನ 1.30ಕ್ಕೆ ಅಪ್ಪಣೆ ಬಂತು. ಜೀಪಿನ ಹಿಂದಿನ ಸೀಟಿನಲ್ಲಿ ಗೋಲಿಯಿದ್ದ ಜಾಡಿಯನ್ನು ಮಗುವಿನಂತೆ ತಬ್ಬಿಕೊಂಡು ಕ್ರೆಮರ್ ಕೂತಿದ್ದ.

ನಾಲ್ಕು ಗಂಟೆಗೆ ಆ ಜಾಡಿಯಿಂದ ಒಂಬತ್ತು ಲೋಟ ತುಂಬಿದವು. ತಿಳಿ ಹಸಿರು ಮಿಶ್ರಿತ ಹಳದಿ. ಮೊದಲ ಗುಟುಕಿಗೆ ಶ್ನೋರ್ ಮುಖ ಕಿವುಚಿದ. ಎರಡನೆಯದನ್ನು ನಾಲಿಗೆಯ ಮೇಲೆ ಹೊರಳಿಸಿದ. ಮೂರನೆಯದಕ್ಕೆ ಕಿಟಕಿಯಾಚೆಯ ಗುಡ್ಡವನ್ನು ನೋಡಿದ.

"ಮಳೆ ಬಿದ್ದ ಸ್ಲೇಟುಕಲ್ಲು ನೆಕ್ಕಿದ ಹಾಗಿದೆಯಲ್ಲೇ, ಹುಡುಗಿ!"

"ಅದು ಬೈಗುಳಾನಾ, ಹೊಗಳಿಕೇನಾ?"

"ಇನ್ನೊಂದು ಲೋಟ ಹಾಕು, ಹೇಳ್ತೀನಿ."

ಒಂಬತ್ತೂ ಕೈಗಳು ಎದ್ದವು. ಶ್ನೋರ್‌ನ ಕೈ ಕಡೆಯದು, ಆದರೆ ಎಲ್ಲಕ್ಕಿಂತ ಎತ್ತರ. ಯಾರೋ ಓಡಿಹೋಗಿ ಚರ್ಚಿನ ಗಂಟೆ ಬಾರಿಸಿದರು. ಲಿಯೋನಿ ಮೇಜು ಹತ್ತಿ ಅಜ್ಜನ ಹೆಸರು ಹಿಡಿದು ಕೂಗಿದಳು. ಕರ್ತವ್ಯದಲ್ಲಿದ್ದ ಕ್ರೆಮರ್ ಚಪ್ಪಾಳೆ ತಟ್ಟಿದ. ಥೀಲೆನ್ ತಡೆಯಲಿಲ್ಲ.

6.10ಕ್ಕೆ ಠಾಣೆಯಲ್ಲಿ ಹೇಳಿಕೆ ಶುರುವಾಯಿತು. ಗಂಟೆಯ ಸದ್ದು ಆಲೊಯ್ಸ್‌ಗೂ ಕೇಳಿಸಿತ್ತು.

"ಎಷ್ಟು ಕೈ?"

"ಒಂಬತ್ತು."

ಅವನು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ಫೆಬ್ರವರೀಲಿ ರುಚಿ ನೋಡಿದ್ದೆ. ಹುಳೀಗೆ ಹಲ್ಲು ಚುಳ್ಳಂತು. ಇದನ್ನ ಕುಡಿದ್ರೆ ಉಗೀತಾರೆ, ಗುಡ್ಡ ಹೋಗುತ್ತೆ ಅಂತ ಹೆದರಿಕೆ ಆಯ್ತು. ಆ ಗುಡ್ಡಕ್ಕೆ ನಾನು ಬೆನ್ನ ಮೇಲೆ ಮಣ್ಣು ಹೊತ್ತಿದ್ದೀನಮ್ಮ. ಸ್ವಲ್ಪ ಸಿಹಿ ಮಾಡಿದ್ರೆ ಉಳಿಯುತ್ತೆ ಅಂದ್ಕೊಂಡೆ. ಹೇಳಿದ್ರೆ ಅವಳು ಒಪ್ತಿರಲಿಲ್ಲ."

ಥೀಲೆನ್ ಅಷ್ಟನ್ನೂ ಅವನ ಮಾತಿನಲ್ಲೇ ಬರೆದುಕೊಂಡರು. ಜಪ್ತಿ ಪಟ್ಟಿಯಲ್ಲಿ ಒಂದು ವಿಷಯ ಬಾಕಿ ಇತ್ತು.

"ಒಂದು ಜಾಡೀಲಿ ಗೋಲಿ ಯಾಕೆ?"

"ಮಟ್ಟ ಇಳಿದಿತ್ತು, ಏರಿಸೋಕೆ ಹಾಕಿದೆ. ಗಾಳಿ ತಾಗಬಾರದಲ್ಲ."

"ಯಾಕೆ ಇಳೀತು?"

ಮುದುಕ ಕಿಟಕಿಯ ಕಡೆ ತಿರುಗಿದ. "ಭಾನುವಾರ ಒಂದು ಲೋಟ ಕುಡಿದೆ. ಅಷ್ಟು ದಿನದಲ್ಲೇ ಹುಳಿ ಇಳಿದು ಹದಕ್ಕೆ ಬಂದುಬಿಟ್ಟಿತ್ತು ಅದು. ನಲವತ್ತಾರು ವರ್ಷದಲ್ಲಿ ಅಂಥಾ ವೈನ್ ನಾನು ಮಾಡಿಲ್ಲ."