ಒಂದು ಲೋಟ ನೀರಿಗಿಂತ ಹೆಚ್ಚಿಲ್ಲ

"ಹೆಗಲು ಸಡಿಲ ಬಿಡಿ. ಉಸಿರು ಹಿಡ್ಕೋಬೇಡಿ, ನಾನೇನು ಇಂಜೆಕ್ಷನ್ ಕೊಡ್ತಿಲ್ಲ."

ಹೀಗೆ ಹೇಳಿ ಆ ಮನುಷ್ಯ ನನ್ನ ತೋಳಿನಿಂದ ಎರಡು ಬೆರಳು ದೂರದಲ್ಲಿ ಟೇಪು ಹಿಡಿದು ನೆಲದವರೆಗೆ ಇಳಿಬಿಟ್ಟರು.

ನಾನು ಟೇಲರು. ಇಪ್ಪತ್ತು ವರ್ಷದಿಂದ ಊರಿನವರ ಅಳತೆ ತೆಗೆಯುತ್ತಾ ಬಂದವಳು. ಯಾರ ಹೆಗಲು ಒಂದು ಕಡೆ ಇಳಿದಿದೆ, ಯಾರು ಹೊಟ್ಟೆ ಒಳಗೆಳೆದುಕೊಂಡು ಸುಳ್ಳು ಅಳತೆ ಕೊಡುತ್ತಾರೆ, ಎಲ್ಲಾ ಗೊತ್ತು. ಆದರೆ ನನ್ನ ಅಳತೆಯನ್ನು ಇನ್ನೊಬ್ಬರು ತೆಗೆದದ್ದು ಅವತ್ತೇ ಮೊದಲು. ಅದಕ್ಕೇ ಇರಬೇಕು, "ರೀ, ನನಗೆ ಊರುಗೋಲು ಬೇಡ" ಎನ್ನುವ ನಾಲ್ಕು ಪದ ನನ್ನ ಬಾಯಿಗೆ ಬರುವಷ್ಟರಲ್ಲಿ ಅವರು ಕೋಲಿನ ಮೇಲೆ ಚಾಕ್‌ಪೀಸಿನ ಗೆರೆ ಎಳೆದಾಗಿತ್ತು.

"ಬೇಡ್ವಾ? ಮತ್ತೆ ಕುಂಟ್ಕೊಂಡು ಬಂದ್ರಲ್ಲ?"

"ಚಪ್ಪಲಿ ಪಟ್ಟಿ ಕಿತ್ತುಹೋಗಿದೆ."

ಬಾಗಿಲಲ್ಲಿ ಗಾಲಿಕುರ್ಚಿಯ ಮೇಲೆ ಕೂತಿದ್ದ ಅಜ್ಜ ಒಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದೆ ಪೋಸ್ಟ್‌ಮ್ಯಾನ್ ಆಗಿದ್ದವರಂತೆ. ಈಗ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಕೂತು ಬಂದವರನ್ನೆಲ್ಲ ಮಾತಾಡಿಸುವುದೇ ಅವರ ಉದ್ಯೋಗ. "ಡಾಕ್ಟ್ರೇ, ನೆಟ್ಟಗಿರೋರಿಗೂ ಕೋಲು ಕೊಡೋಕೆ ಶುರು ಮಾಡಿದ್ರಾ!"

ಅವರು ಡಾಕ್ಟರಲ್ಲ, ಮೆಕ್ಯಾನಿಕ್. ಮುರಿದ ಗಾಲಿಕುರ್ಚಿ, ವಾಕರ್, ಊರುಗೋಲು ಇವನ್ನೆಲ್ಲ ರಿಪೇರಿ ಮಾಡಿ, ಬೇಕಾದವರಿಗೆ ಪುಕ್ಕಟೆ ಕೊಡುವ ಸಣ್ಣ ಸಂಸ್ಥೆ ಅವರದು. ಅದಕ್ಕೇ ಊರಿಗೆಲ್ಲ ಗಾಲಿ ಡಾಕ್ಟರು. ಕಿವಿಯ ತುದಿಯವರೆಗೂ ಕೆಂಪಾಗಿ ಅವರು ನನ್ನ ಚಪ್ಪಲಿ ತೆಗೆದುಕೊಂಡು, ಪಟ್ಟಿಗೆ ಒಂದು ರಿವೆಟ್ ಇಟ್ಟು ಎರಡೇ ಏಟಿಗೆ ಕೂರಿಸಿದರು. ಮೊಣಕಾಲೂರಿ ಅದನ್ನು ನನ್ನ ಕಾಲಿನ ಮುಂದೆ ಇಟ್ಟರು. ನೆತ್ತಿಯ ಹತ್ತಿರ ನಾಲ್ಕು ಬಿಳಿ ಕೂದಲು. ಬೇಡವೆಂದರೂ ಎಣಿಸಿಬಿಟ್ಟೆ.

ಆಮೇಲೆ ನಾನು ಯಾರೆಂದು ಹೇಳಿದೆ. "ಒಂದು ಹಿಡಿ ಬಳಗದಿಂದ ಬಂದಿದ್ದೀನಿ. ನಿಮ್ಮ ಅರ್ಜಿ ವಿಚಾರವಾಗಿ."

"ಅಯ್ಯೋ" ಎಂದರು ಗಾಲಿ ಡಾಕ್ಟರು. ಒಂದೇ ಪದ. ಆದರೆ ಆ ಮುಖ ನೋಡಬೇಕಿತ್ತು!

ಬಳಗದ ವಿಷಯ ಹೇಳಿಬಿಡುತ್ತೇನೆ. ನಾವು ನಲವತ್ತೊಂದು ಹೆಂಗಸರು. ಟೀಚರು, ನರ್ಸು, ಮೀನು ಮಾರುವವರು, ಬ್ಯಾಂಕಿನವರು, ಮನೆಯಲ್ಲೇ ಇರುವವರು. ತಿಂಗಳಿಗೆ ಒಬ್ಬೊಬ್ಬರು ಒಂದು ಹಿಡಿಯಷ್ಟು ದುಡ್ಡು ಹಾಕುತ್ತೇವೆ. ವರ್ಷದ ಕೊನೆಗೆ ಊರಿನ ಒಂದೇ ಒಂದು ಸಂಸ್ಥೆಗೆ ಅಷ್ಟನ್ನೂ ಕೊಡುತ್ತೇವೆ. ಯಾರಿಗೆ ಎನ್ನುವುದು ಕೈ ಎತ್ತಿ ತೀರ್ಮಾನ. ಅದಕ್ಕೆ ಮೊದಲು ಪ್ರತಿ ಅರ್ಜಿಗೂ ಒಬ್ಬ ಸದಸ್ಯೆ ಹೇಳದೆ ಕೇಳದೆ ಹೋಗಿ, ಎರಡು ಸಲ ನೋಡಿ ಬಂದು, ಸಭೆಯಲ್ಲಿ ಎದ್ದು ನಿಂತು ವರದಿ ಹೇಳಬೇಕು. ಅವಳ ಮಾತಿನ ಮೇಲೇ ಮುಕ್ಕಾಲು ಪಾಲು ಕೈಗಳು ಏಳುವುದು.

ನಿಯಮಗಳು ಹನ್ನೊಂದಿವೆ. ಏಳನೆಯದು: ತೀರ್ಮಾನ ಆಗುವವರೆಗೆ ಅರ್ಜಿದಾರರಿಂದ ಒಂದು ಲೋಟ ನೀರಿಗಿಂತ ಹೆಚ್ಚಿಗೆ ಏನೂ ತೆಗೆದುಕೊಳ್ಳಬಾರದು, ಏನೂ ಕೊಡಲೂಬಾರದು. ಹತ್ತನೆಯದಕ್ಕೆ ಆಮೇಲೆ ಬರುತ್ತೇನೆ. ಅದನ್ನು ಹಠ ಹಿಡಿದು ಬರೆಸಿದವಳು ನಾನೇ.

"ಟೀ ಕುಡೀತೀರಾ?" ಎಂದರು ಅವತ್ತು.

"ನಿಯಮದಲ್ಲಿಲ್ಲ. ನೀರು ಸಾಕು."

ನೀರು ತಂದುಕೊಟ್ಟರು. ಸ್ಟೀಲಿನ ಲೋಟ, ಹೊರಗೆಲ್ಲ ಗ್ರೀಸಿನ ಬೆರಳಚ್ಚು. ಕುಡಿಯುತ್ತಾ ಸುತ್ತ ನೋಡಿದೆ. ಗೋಡೆಯ ತುಂಬಾ ಚಕ್ರಗಳು. ಕಿಟಕಿಯಲ್ಲಿ ಒಂದು ಗಾಜಿನ ಡಬ್ಬಿ, ಅದರೊಳಗೆ ಕಪ್ಪು ಉಂಡೆಯಂಥದ್ದು ಏನೋ.

"ಅದೇನದು?"

"ಕೂದಲು" ಎಂದರು. "ಮೊದಲು ಸೈಕಲ್ ಅಂಗಡಿ ಇಟ್ಟಿದ್ದೆ ನಾನು. ಒಬ್ಬರು ಅಕ್ಕ ವೀಲ್‌ಚೇರ್ ತಳ್ಳಿಸ್ಕೊಂಡು ಬಂದ್ರು, ಚಕ್ರ ತಿರುಗ್ತಿಲ್ಲ ಅಂತ. ಮುಂದಿನ ಪುಟ್ಟ ಚಕ್ರಕ್ಕೆ ಅವರದೇ ಕೂದಲು ಸುತ್ಕೊಂಡಿತ್ತು. ಚಿಮಟದಲ್ಲಿ ಕಿತ್ತು ತೆಗೆದೆ, ಐದು ನಿಮಿಷದ ಕೆಲಸ. ಅವರು ಅಲ್ಲೇ ಒಂದು ಸುತ್ತು ಹೊಡೆದು ಅತ್ತುಬಿಟ್ರು. ನಾಲ್ಕು ತಿಂಗಳಿಂದ ಮನೆ ಬಿಟ್ಟು ಆಚೆ ಬಂದಿರ್ಲಿಲ್ವಂತೆ. ಇಷ್ಟು ಕೂದಲಿಗೆ, ನೋಡಿ."

ನನ್ನ ಕೈಯ ಲೋಟ ಖಾಲಿಯಾಗಿತ್ತು. "ಇನ್ನೊಂದು ಸ್ವಲ್ಪ ನೀರು ಕೊಡ್ತೀರಾ?" ಎಂದೆ.

"ಒಂದೇ ಲೋಟ ಅಂದ್ರಲ್ಲ, ಟೇಲರಮ್ಮ" ಎಂದು ಕಣ್ಣಲ್ಲೇ ನಕ್ಕರು. ಬಾಯಿ ಮಾತ್ರ ಗಂಭೀರ.

ವರದಿಯ ಫಾರಂನಲ್ಲಿ ಕೊನೆಯ ಪ್ರಶ್ನೆ ಹೀಗಿತ್ತು: ಅರ್ಜಿದಾರರೊಂದಿಗೆ ನಿಮಗೆ ಏನಾದರೂ ಸಂಬಂಧವಿದೆಯೆ? ಇಲ್ಲ ಎಂದು ಬರೆದೆ. ಕೆಳಗೆ, ಪ್ರಾಮಾಣಿಕತೆ ಇರಲೆಂದು, ಚಪ್ಪಲಿಗೆ ಒಂದು ರಿವೆಟ್ ಹಾಕಿಸಿಕೊಂಡಿದ್ದೇನೆ ಎಂದೂ ಸೇರಿಸಿದೆ.

*

ಎರಡನೆಯ ಸಲ ಹೋದಾಗ ಅವರು ಒಂದು ಕುರ್ಚಿಗೆ ಹೊಸ ಕ್ಯಾನ್‌ವಾಸ್ ಸೀಟು ಹೊಲಿಯುತ್ತಿದ್ದರು. ಹೊಲಿಯುತ್ತಿದ್ದರು ಅನ್ನುವುದಕ್ಕಿಂತ ಚುಚ್ಚಿಕೊಳ್ಳುತ್ತಿದ್ದರು ಅನ್ನಬೇಕು. ಎಡಗೈಯ ಮೂರು ಬೆರಳಿಗೂ ಪ್ಲಾಸ್ಟರು.

ನನಗೆ ತಡೆಯಲಾಗಲಿಲ್ಲ. "ಅಂಚು ಮಡಚಿ. ಎರಡು ಸಾಲು ಹೊಲಿಗೆ. ಹಾಗಲ್ಲ, ಒಳಗಡೆಗೆ ಮಡಚಿ! ಅಯ್ಯೋ ದೇವರೇ, ಗೋಣಿಚೀಲ ಹೊಲಿದ ಹಾಗೆ ಹೊಲೀತಿದ್ದೀರಲ್ಲ."

"ನೀವೇ ತೋರಿಸಿಬಿಡಿ."

"ಕೊಡೋ ಹಾಗಿಲ್ಲ. ಏಳನೇ ನಿಯಮ."

"ಅದಕ್ಕೆ ಕೈ ಹಿಂದೆ ಕಟ್ಕೊಂಡಿದ್ದೀರಾ?"

ನೋಡಿಕೊಂಡೆ. ಹೌದು, ಸ್ಕೂಲಿನಲ್ಲಿ ಶಿಕ್ಷೆಗೆ ನಿಂತವಳ ಹಾಗೆ ಎರಡೂ ಕೈ ಬೆನ್ನ ಹಿಂದೆ. ಅವು ಸೂಜಿ ಕಸಿದುಕೊಳ್ಳದ ಹಾಗೆ ಒಂದನ್ನೊಂದು ಹಿಡಿದುಕೊಂಡಿದ್ದವು.

ಅವರು ನಾನು ಹೇಳಿದಂತೆ ಅಂಚು ಮಡಚಿದರು. ಒಂದೊಂದು ಹೊಲಿಗೆಗೂ ತಲೆ ಎತ್ತಿ ನನ್ನನ್ನು ನೋಡಿ, ನಾನು ಹೂಂ ಅಂದ ಮೇಲೇ ಮುಂದಿನದು. ಒಂದು ಸೀಟು ಮುಗಿಯಲು ಮಧ್ಯಾಹ್ನ ಪೂರ್ತಿ ಹಿಡಿಯಿತು. ಅಜ್ಜ ಬಾಗಿಲಲ್ಲಿ ತೂಕಡಿಸುವ ನಾಟಕ ಮಾಡುತ್ತಾ ಒಂದು ಕಣ್ಣು ತೆರೆದಿಟ್ಟಿದ್ದರು.

ಹೊರಡುವಾಗ ಗಾಲಿ ಡಾಕ್ಟರೇ ಹೇಳಿದರು: ರಸ್ತೆ ಅಗಲ ಮಾಡುವುದಕ್ಕೆ ಆ ಶೆಡ್ಡು ತಿಂಗಳೊಳಗೆ ಹೋಗುತ್ತದೆ. ಬೇರೆ ಜಾಗ ಹಿಡಿಯಲು ಬಳಗದ ಹಣವೊಂದೇ ದಾರಿ. ಇಲ್ಲವಾದರೆ ಅರವತ್ತು ಕುರ್ಚಿಗಳು ಗುಜರಿಗೆ, ಅವರು ವಾಪಸ್ಸು ಯಾರದ್ದಾದರೂ ಸೈಕಲ್ ಅಂಗಡಿಗೆ. "ಅಜ್ಜ ಎಲ್ಲಿ ಕೂತ್ಕೊಳ್ತಾರೋ ಅದೇ ಯೋಚನೆ" ಎಂದು ನಕ್ಕರು. ಈ ಸಲ ಬಾಯಿ ನಗುತ್ತಿತ್ತು, ಕಣ್ಣು ನಗಲಿಲ್ಲ.

ನನ್ನ ಅಂಗಡಿಯ ಹಿಂದುಗಡೆ ಒಂದು ಖಾಲಿ ಕೋಣೆ ಇತ್ತು. ಹಳೆಯ ಬಟ್ಟೆ ತುಂಡುಗಳನ್ನು ಬಿಟ್ಟರೆ ಏನೂ ಇರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಏಳನೇ ನಿಯಮ ನೆನೆದು ನುಂಗಿಕೊಂಡೆ. ಮೇಲೆ ಒಂದು ಲೋಟ ನೀರು ಕುಡಿದೆ.

ಎರಡು ಸಲ ಹೋದರೆ ಸಾಕಿತ್ತು. ನಾನು ಐದು ಸಲ ಹೋದೆ. ಒಮ್ಮೆ ಪೆನ್ನು ಮರೆತೆ, ಒಮ್ಮೆ ಮರೆತ ಪೆನ್ನು ತರಲು ಹೋಗಿ ಕನ್ನಡಕ ಮರೆತೆ.

ಅತ್ತಿಗೆ ನನ್ನ ಅಂಗಡಿಯಲ್ಲಿ ಕಾಜಾ ಗುಂಡಿಯ ಕೆಲಸ ಮಾಡುತ್ತಾಳೆ, ಬಳಗದಲ್ಲೂ ಇದ್ದಾಳೆ. ಅವಳ ಕಣ್ಣಿಗೆ ಮಣ್ಣೆರಚುವುದು ಸಾಧ್ಯವೇ ಇಲ್ಲ. "ಅದೇನೇ, ಆ ಡಾಕ್ಟ್ರ ಹತ್ರ ಬರೀ ನೀರು ಕುಡಿದೇ ಇಷ್ಟು ಮೈಕೈ ತುಂಬ್ಕೊಂಡಿದ್ದೀಯಾ?"

"ಸುಮ್ನಿರು ಅತ್ತಿಗೆ. ಮೂವತ್ತೊಂಬತ್ತು ನನಗೆ."

"ಹೌದಾ? ನಿನ್ನೆ ನೀನು ಒಂದು ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದಿಟ್ಟಿದ್ದೆ. ಹದಿನೇಳು ಅಂದ್ಕೊಂಡೆ."

*

ಸಭೆ ಭಾನುವಾರ ಬೆಳಿಗ್ಗೆ, ಒಂದು ಪ್ರೈಮರಿ ಸ್ಕೂಲಿನ ಕ್ಲಾಸಿನಲ್ಲಿ. ನಲವತ್ತೊಂದು ಹೆಂಗಸರು ಆರು ವರ್ಷದ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದೆವು. ಕಣದಲ್ಲಿ ಉಳಿದಿದ್ದು ಎರಡೇ ಅರ್ಜಿ. ಒಂದು ಮಾತು ತಡವಾಗಿ ಬರುವ ಮಕ್ಕಳ ಆಟದ ಮನೆ. ಇನ್ನೊಂದು ನಮ್ಮದು. ನೋಡಿ, ನಮ್ಮದು ಅಂದುಬಿಟ್ಟೆ. ಅಲ್ಲಿಗೆ ಬಂದಿತ್ತು ನನ್ನ ಸ್ಥಿತಿ.

ಕೈಯಲ್ಲಿ ವರದಿ. ಅಂಗಡಿಯ ಕನ್ನಡಿ ಮುಂದೆ ಹತ್ತು ಸಲ ಓದಿ ತಯಾರಾಗಿದ್ದೆ. ಕೂದಲಿನ ಕಥೆ ಹೇಳಿದರೆ ಸಾಕು, ಅರ್ಧ ಕ್ಲಾಸು ಮೂಗು ಒರೆಸಿಕೊಳ್ಳುತ್ತದೆಂದು ಗೊತ್ತಿತ್ತು.

"ವೀಲ್‌ಚೇರ್ ಸಂಸ್ಥೆಯ ವರದಿ" ಎಂದರು ನಮ್ಮ ಅಧ್ಯಕ್ಷೆ. ರಿಟೈರಾದ ಹೆಡ್‌ಮಿಸ್ಸು, ಎಲ್ಲರಿಗೂ ದೊಡ್ಡ ಮೇಡಂ. "ಇದರಲ್ಲಿ ಒಂದು ರಿವೆಟ್ ವಿಚಾರ ಇದೆ. ಅದನ್ನ ಕ್ಷಮಿಸಿದ್ದೇವೆ. ಹೇಳಮ್ಮ."

ಎದ್ದು ನಿಂತೆ. ಹಾಳೆಯ ಕೊನೆಯಲ್ಲಿ ನನ್ನದೇ ಅಕ್ಷರ ಕಂಡಿತು: ಇಲ್ಲ.

ಹತ್ತನೆಯ ನಿಯಮಕ್ಕೆ ಈಗ ಬಂದೆ. ಐದು ವರ್ಷದ ಹಿಂದೆ ಒಬ್ಬರು ತಮ್ಮ ಅಳಿಯನ ಸಂಸ್ಥೆಗೆ ಸುಳ್ಳು ವರದಿ ಕೊಟ್ಟು ಬಳಗವೇ ಒಡೆದುಹೋಗುವ ಹಾಗಾಗಿತ್ತು. ಆಗ ಹೆಚ್ಚು ಕೂಗಾಡಿದವಳು ನಾನು. ಸಂಬಂಧ ಇರುವವರು ಬಾಯಿ ಬಿಡದೆ ಹೊರಗೆ ಹೋಗಬೇಕು ಎಂದು ಬರೆಸಿದೆ. ವಿಶೇಷ ಒಲವು ಎಂಬ ಮಾತು ಸೇರಿಸಿದ್ದು ದೊಡ್ಡ ಮೇಡಂ. "ಅದೆಲ್ಲ ಯಾರಿಗೆ ಮೇಡಂ, ನಮ್ಮ ವಯಸ್ಸಿಗೆ!" ಎಂದು ನಾನೇ ನಕ್ಕಿದ್ದೆ.

ಓದಿದರೆ ಶೆಡ್ಡು ಉಳಿಯುತ್ತದೆ. ಆದರೆ ಮುಂದೆ ಎಂದಾದರೂ ನಾನು ಅವರ ಪಕ್ಕ ನಿಂತರೆ, ಇವರೆಲ್ಲ ಇವತ್ತಿನ ಮಾತನ್ನು ನೆನೆಯುತ್ತಾರೆ. ಅವರ ಐದು ನಿಮಿಷದ ಪ್ರಾಮಾಣಿಕ ಕೆಲಸಕ್ಕೂ ನನ್ನ ಸುಳ್ಳು ಸುತ್ತಿಕೊಳ್ಳುತ್ತದೆ. ಓದದಿದ್ದರೆ ಅಜ್ಜನಿಗೆ ಕೂರಲು ಬಾಗಿಲಿಲ್ಲ.

"ಮೇಡಂ" ಎಂದೆ. "ನಾನು ಹೊರಗೆ ಹೋಗ್ಬೇಕು. ಹತ್ತನೇ ನಿಯಮ."

ದೊಡ್ಡ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಿನ್ನ ವರದಿಯನ್ನೂ ಓದೋ ಹಾಗಿಲ್ಲ, ಗೊತ್ತಲ್ಲ?"

"ಗೊತ್ತು."

"ಯಾವ ಕಾರಣಕ್ಕೆ ಅಂತ ನಾವು ಕೇಳಬಾರದು." ಸ್ವಲ್ಪ ತಡೆದು, "ಕೇಳಬೇಕು ಅಂತ ಪ್ರಾಣ ಹೋಗ್ತಿದೆ" ಎಂದರು.

ನಲವತ್ತು ಹೆಂಗಸರು ಒಮ್ಮೆಗೇ ಉಸಿರು ಬಿಟ್ಟ ಸದ್ದಿನಲ್ಲಿ ನಾನು ಬಾಗಿಲು ದಾಟಿದೆ.

*

ವರಾಂಡದ ಬೆಂಚಿನ ಮೇಲೆ ಗಾಲಿ ಡಾಕ್ಟರು ಕೂತಿದ್ದರು, ತೀರ್ಮಾನ ಕೇಳಲು ಬಂದವರು. ಇಸ್ತ್ರಿ ಮಾಡಿದ ಶರ್ಟು, ಉಗುರಿನಲ್ಲಿ ಮಾತ್ರ ಗ್ರೀಸು. ಅಂಗಳದ ಮರದ ಕೆಳಗೆ ಅಜ್ಜ.

"ನೀವು ಯಾಕೆ ಆಚೆ ಬಂದ್ರಿ?"

"ಹತ್ತನೇ ನಿಯಮ" ಎಂದು ಬೆಂಚಿನ ಆ ತುದಿಯಲ್ಲಿ ಕೂತೆ.

ಅವರ ಜೇಬಿನಲ್ಲಿ ನಿಯಮಗಳ ಹಾಳೆ ಇತ್ತು, ಅರ್ಜಿಯ ಜೊತೆ ಕೊಟ್ಟದ್ದು. ಬಿಡಿಸಿದರು. ಬೆರಳಿಟ್ಟು ನಿಧಾನವಾಗಿ ಓದಿದರು: "ಅರ್ಜಿದಾರರೊಂದಿಗೆ ರಕ್ತಸಂಬಂಧ, ವ್ಯಾಪಾರ ಸಂಬಂಧ ಅಥವಾ ವಿಶೇಷ ಒಲವು ಇರುವ ಸದಸ್ಯೆಯು ಮಾತಾಡದೆ, ಮತ ಹಾಕದೆ ಹೊರಗೆ ಹೋಗತಕ್ಕದ್ದು."

ನಾನು ಅಂಗಳದ ನಲ್ಲಿಯನ್ನೇ ನೋಡುತ್ತಾ ಕೂತೆ. ತೊಟ್ಟಿಕ್ಕುತ್ತಿತ್ತು.

"ರಕ್ತಸಂಬಂಧ ಅಂತೂ ಇಲ್ಲ" ಎಂದರು.

"ಇಲ್ಲ."

"ವ್ಯಾಪಾರ... ಆ ರಿವೆಟ್ಟು?"

"ಅದನ್ನ ಕ್ಷಮಿಸಿದ್ದಾರೆ."

ಅವರು ಮೂರನೆಯದನ್ನು ಓದಲಿಲ್ಲ. ಹಾಳೆಯನ್ನು ಮಡಚಿದರು. ಅಂಚು ಒಳಗಡೆಗೆ, ನಾನು ಕಲಿಸಿದ ಹಾಗೇ. ಜೇಬಿಗಿಟ್ಟು, ಅದರ ಮೇಲೆ ಕೈಯಿಟ್ಟುಕೊಂಡರು. ಕಿವಿ ಅವತ್ತಿನ ಹಾಗೇ ಕೆಂಪು.

"ಬೈಯ್ರಿ ಬೇಕಿದ್ರೆ" ಎಂದೆ. "ನಾನು ಮಾತಾಡಿದ್ರೆ ಗೆಲ್ತಿದ್ರಿ."

"ನೀವು ಮಾತಾಡಿದ್ರೆ ನನಗಿದು ಗೊತ್ತಾಗ್ತಿತ್ತಾ?" ಎಂದರು. "ಐದು ಸಲ ಬಂದ್ರಿ. ಪ್ರತಿ ಸಲ ಆ ಲೋಟ ಎರಡೆರಡು ಸಲ ತೊಳೆದಿದ್ದೀನಿ. ಗ್ರೀಸು ಹೋಗ್ತಾನೇ ಇರ್ಲಿಲ್ಲ ಹಾಳಾದ್ದು. ನಿಮ್ಮ ಅರ್ಜಿಯಲ್ಲಿ ನನಗೂ ಆ ಮೂರನೇದನ್ನ ಕೇಳಿದ್ರೆ ನಾನೂ ಬರೀತಿದ್ದೆ."

"ಏನಂತ?"

"ಇದೆ ಅಂತ."

ಬಾಗಿಲು ತೆರೆಯಿತು. ಅತ್ತಿಗೆ. ಮುಖ ನೋಡಿದರೇ ಗೊತ್ತಾಯಿತು. "ಹದಿನೆಂಟು, ಇಪ್ಪತ್ತೆರಡು. ಆಟದ ಮನೆಗೆ ಹೋಯ್ತು ಕಣೇ." ಆಮೇಲೆ ನಮ್ಮಿಬ್ಬರ ನಡುವೆ ಬೆಂಚಿನ ಮೇಲೆ ಎಷ್ಟು ಕಡಿಮೆ ಜಾಗ ಉಳಿದಿದೆ ಎಂದು ನೋಡಿ, ಬಾಗಿಲಿಗೆ ಒರಗಿ ನಿಂತಳು.

ಅವರು ಒಂದು ಕ್ಷಣ ಕಣ್ಣು ಮುಚ್ಚಿದರು. "ಆ ಮಕ್ಕಳಿಗೂ ಬೇಕಿತ್ತು, ಬಿಡಿ" ಎಂದರು. ಅಂದದ್ದು ನಿಜವಾಗಿಯೇ. ಆದರೆ ಕೈ ಜೇಬಿನ ಮೇಲೇ ಬಿಗಿಯಿತು.

"ತೀರ್ಮಾನ ಆಯ್ತಲ್ಲ" ಎಂದೆ ನಾನು. "ಏಳನೇ ನಿಯಮ ಮುಗೀತು. ನನ್ನ ಅಂಗಡಿ ಹಿಂದೆ ಒಂದು ಕೋಣೆ ಇದೆ. ಖಾಲಿ. ಅರವತ್ತು ಕುರ್ಚಿ ಹಿಡಿಯಲ್ಲ, ನಲವತ್ತು ಹಿಡಿಯುತ್ತೆ. ಉಳಿದದ್ದು ಮೆಟ್ಟಿಲ ಕೆಳಗೆ. ಅಜ್ಜ ಬಾಗಿಲಲ್ಲಿ. ಸೀಟೆಲ್ಲ ನಾನು ಹೊಲೀತೀನಿ, ನೀವು ಸೂಜಿ ಮುಟ್ಟಕೂಡದು."

"ಯಾವಾಗಿಂದ ಇದೆ ಈ ಕೋಣೆ?"

"ಎರಡನೇ ಲೋಟದಿಂದ."

ಅಷ್ಟರಲ್ಲಿ ದೊಡ್ಡ ಮೇಡಂ ಹೊರಗೆ ಬಂದರು. ಹಿಂದೆ ಬಾಗಿಲಲ್ಲಿ, ಕಿಟಕಿಯಲ್ಲಿ, ಒಬ್ಬರ ಹೆಗಲ ಮೇಲೊಬ್ಬರು ಬಳಗದವರು. "ನೋಡಿ, ಗಾಲಿ ಡಾಕ್ಟ್ರೇ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು. ಆದ್ರೆ ನಾಲ್ಕನೇ ನಿಯಮ ಒಂದಿದೆ. ಸದಸ್ಯೆಯರ ಗಂಡಂದಿರು ಅರ್ಜಿ ಹಾಕುವಂತಿಲ್ಲ. ನಿಮ್ಮ ಅರ್ಜಿ ಬರುತ್ತೋ, ಇಲ್ವೋ? ಪುಸ್ತಕದಲ್ಲಿ ಬರ್ಕೋಬೇಕು."

ಅವರು ಎದ್ದು ನಿಂತರು. ನನ್ನನ್ನು ನೋಡಿದರು, ಸೀಟು ಹೊಲಿಯುವಾಗ ನೋಡುತ್ತಿದ್ದ ಹಾಗೆ, ಮುಂದಿನ ಹೊಲಿಗೆ ಹಾಕಲೇ ಎಂದು.

ನಾನು ಹೂಂ ಅಂದೆ.

"ಬರಲ್ಲ ಮೇಡಂ" ಎಂದರು.

ಕಿಟಕಿಯಲ್ಲಿ ಎದ್ದ ಕೂಗಿಗೆ ಮರದ ಹಕ್ಕಿಗಳೆಲ್ಲ ಹಾರಿಹೋದವು. ಮರದ ಕೆಳಗಿಂದ ಅಜ್ಜ ಕೂಗಿದರು, "ಡಾಕ್ಟ್ರೇ, ದುಡ್ಡು ಬಂತಾ?"

"ಇಲ್ಲ ಅಜ್ಜ!"

"ಮತ್ಯಾಕಪ್ಪ ಹಂಗೆ ಹಲ್ಲು ಬಿಡ್ತಿದ್ದೀಯಾ?"

ಅವತ್ತು ಸಂಜೆ ಹಿಂದಿನ ಕೋಣೆಯ ಬಾಗಿಲಿನ ಅಳತೆ ನೋಡಲು ಅವರು ಬಂದರು. ಟೇಪಿನ ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಕುರ್ಚಿ ಹೋಗಲು ಎರಡು ಅಂಗುಲ ಕಡಿಮೆ ಬಂತು. "ಚೌಕಟ್ಟು ಕಿತ್ತು ಹಾಕೋಣ" ಎಂದೆ. ಅತ್ತಿಗೆ ತಲೆ ಚಚ್ಚಿಕೊಂಡು ಗುಂಡಿ ಡಬ್ಬಿಯ ಕಡೆ ತಿರುಗಿದಳು.

ಆಮೇಲೆ ಅವರು ಅಂಗಡಿಯ ಸಣ್ಣ ಸ್ಟೌವಿನಲ್ಲಿ ಟೀ ಮಾಡಿದರು. ತಾವೇ ತಂದಿದ್ದ ಆ ಸ್ಟೀಲ್ ಲೋಟಕ್ಕೆ ಬಗ್ಗಿಸಿ ಕೊಟ್ಟರು. ಸಕ್ಕರೆ ಮೂರು ಪಟ್ಟು. ಟೀಪುಡಿ ಹೆಚ್ಚು ಕುದ್ದು ಕಹಿ. ಲೋಟದ ಅಂಚಿನಲ್ಲಿ ಇನ್ನೂ ಒಂದು ಗ್ರೀಸಿನ ಬೆರಳಚ್ಚು.

ಪೂರ್ತಿ ಕುಡಿದೆ. ಖಾಲಿ ಲೋಟವನ್ನು ಅವರ ಮುಂದೆ ಚಾಚಿದೆ.

"ಇನ್ನೊಂದು ಸ್ವಲ್ಪ ಕೊಡ್ತೀರಾ?"