ಜಡೆ ರಾಣಿಯ ಸ್ನಾನ

ಅಕ್ಟೋಬರ್ 15, ಬುಧವಾರ, ಬೆಳಿಗ್ಗೆ 10.20. ಶಿಕಾರಿಪುರದ ಠಾಣೆಗೆ ಬಂದ ಗುರುಮಲ್ಲಪ್ಪನವರು ದೂರನ್ನು ಮನೆಯಲ್ಲೇ ಬರೆದು ತಂದಿದ್ದರು. ಅವರು ನಿವೃತ್ತ ಚಿತ್ರಕಲಾ ಶಿಕ್ಷಕರು, ವಯಸ್ಸು ಎಪ್ಪತ್ತು. ಹಾಳೆಯ ಅಂಚಿನಲ್ಲಿ ಕಳುವಾದ ವಸ್ತುವಿನ ಚಿತ್ರವನ್ನೂ ಪೆನ್ಸಿಲಿನಿಂದ ಬಿಡಿಸಿದ್ದರು: ಕಿರೀಟ ತೊಟ್ಟ ಎಳೆಯ ಹೆಣ್ಣಿನ ಮುಖ, ಕಿವಿಯನ್ನು ಬಳಸಿ ಹಿಂದಕ್ಕೆ ಸರಿದ ಹೆಣೆದ ಜಡೆ.

ಮೈಸೂರಿನ ಕಡೆಯಿಂದ ವರ್ಗವಾಗಿ ಬಂದು ಇನ್ನೂ ಐದೇ ತಿಂಗಳಾಗಿದ್ದ ಪಿಎಸ್‌ಐ ನಯನ ಆ ಚಿತ್ರವನ್ನು ಅಗತ್ಯಕ್ಕಿಂತ ತುಸು ಹೆಚ್ಚು ಹೊತ್ತು ನೋಡಿದಳು.

“ಯಾರಿವರು?”

“ವಿಕ್ಟೋರಿಯಾ ರಾಣಿ, ಮೇಡಂ. ಇಂಗ್ಲೆಂಡಿನ ಎರಡು ಶಿಲ್ಲಿಂಗಿನ ಬೆಳ್ಳಿ ನಾಣ್ಯ. ನಾನು ಜಡೆ ರಾಣಿ ಅಂತೀನ್ರೀ.”

“ಇಸವಿ?”

“1873. ಆದ್ರೆ ಅಂಕಿಯಲ್ಲಿಲ್ಲ. ಮುರಿಮುರಿ ಅಕ್ಷರದಲ್ಲಿ ಬರೆದಾರೆ, ಹಳೇ ಚರ್ಚಿನ ಬರಹ ಇದ್ದಂಗೆ.”

“ಬೆಲೆ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಬರೋ ತಿಂಗಳು ಒಂಬತ್ತಕ್ಕೆ ಗೊತ್ತಾಗ್ತಿತ್ತು.”

ನವೆಂಬರ್ 9, ಭಾನುವಾರ, ಮುಂಬಯಿಯ ಹರಾಜು. ಸವಾಲು ಎಂಬತ್ತು ಸಾವಿರದಿಂದ ಶುರು ಎಂದು ಹರಾಜಿನ ಆ್ಯಪ್‌ನಲ್ಲಿ ಪ್ರಕಟವಾಗಿತ್ತು. ನಾಣ್ಯ ಇದೇ ಹದಿನೆಂಟರೊಳಗೆ ಮುಂಬಯಿ ಸೇರಬೇಕು; ಅಲ್ಲಿ ಪರೀಕ್ಷಕರು ಅದಕ್ಕೆ ಎಪ್ಪತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುದ್ರೆ ಒತ್ತುತ್ತಾರೆ. ಈ ಇಸವಿಯ ನಾಣ್ಯಗಳು ಬೇಕಾದಷ್ಟಿವೆ. ಆದರೆ ನೂರೈವತ್ತು ವರ್ಷ ಯಾರೂ ಉಜ್ಜದೆ, ಕಾಲ ತಾನೇ ಹಚ್ಚಿದ ನೀಲಿಗಪ್ಪು ಬಣ್ಣವನ್ನು ಉಳಿಸಿಕೊಂಡದ್ದು ಅಪರೂಪ.

“ಮಾರೋ ಅಗತ್ಯ ಏನಿತ್ತು ಸರ್?”

“ಮೂವತ್ತು ವರ್ಷ ಮಕ್ಕಳ ಚಿತ್ರಕ್ಕೆ ಅಂಕ ಹಾಕಿದೆ, ಮೇಡಂ. ನನ್ನ ಕಣ್ಣಿಗೆ ಯಾರೂ ಹಾಕಿಲ್ಲ. ನಾನು ಆರಿಸಿದ್ದು ಸರಿಯಿತ್ತು ಅಂತ ಒಮ್ಮೆ ನಾಲ್ಕು ಮಂದಿ ಸವಾಲು ಕೂಗಿದ್ರೆ ಸಾಕಿತ್ತು. ಈಗ ಕೂಗೋದೂ ಇಲ್ಲ ಬಿಡ್ರೀ, ಫೋನಿನ ಮೇಲೆ ಬೆರಳು ಒತ್ತತಾರೆ. ಹಿಂದೆ ಹುಬ್ಬಳ್ಳಿ ಲಾಡ್ಜಿನ ಹಾಲ್‌ನಾಗೆ ಹರಾಜು ನಡೆದ್ರೆ ಬೀದಿಗೆ ಕೇಳ್ತಿತ್ತು.”

11.05ಕ್ಕೆ ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಮಿನಡಿ ಎಫ್‌ಐಆರ್ ದಾಖಲಾಯಿತು.

ಕಳವು ನಡೆದದ್ದು ಹಿಂದಿನ ದಿನ, ಶಾಲಾ ಮೈದಾನದ ಶಾಮಿಯಾನದಡಿಯಲ್ಲಿ. ರಾಣಿ ಹೊರಡುವ ಮುನ್ನ ಊರಿನವರು ಕಣ್ತುಂಬ ನೋಡಲೆಂದು ಮೇಷ್ಟ್ರು ಹರಾಜಿನ ಬೋರ್ಡ್ ಬರೆದು ಒಂದು ದಿನದ ಪ್ರದರ್ಶನ ಇಟ್ಟಿದ್ದರು. ಮಧ್ಯಾಹ್ನ 12.30ಕ್ಕೆ ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ನಡೆಯಿತು. ಗಾಜಿನ ಮುಚ್ಚಳದ ಪೆಟ್ಟಿಗೆ, ಒಳಗೆ ಮಖಮಲ್ಲಿನ ಮೂವತ್ತು ಗುಳಿ. ಇಪ್ಪತ್ತೊಂಬತ್ತರಲ್ಲಿ ರಾಜರೂ ರಾಣಿಯರೂ ಸ್ವಸ್ಥಾನದಲ್ಲಿದ್ದರು. ‘ಜಡೆ ರಾಣಿ’ ಎಂದು ಚೀಟಿ ಅಂಟಿಸಿದ ಗುಳಿಯಲ್ಲಿ ಮಾತ್ರ ಅರಿಶಿನ ಸವರಿದ ಒಂದು ರೂಪಾಯಿ ಕೂತಿತ್ತು.

“ಕಳ್ಳ ಚಿಲ್ಲರೆ ಕೊಟ್ಟು ಹೋಗ್ಯಾನೆ,” ಎಂದ ಹೆಡ್ ಕಾನ್‌ಸ್ಟೆಬಲ್ ಸುಬ್ಬಯ್ಯ. ಸೊರಬ ತಾಲ್ಲೂಕಿನ ಉಳವಿಯವನು. ಎಂಥ ಶವದ ಮುಂದೆಯೂ ಒಂದು ತಮಾಷೆ ಹುಡುಕಬಲ್ಲವನು.

“ಕಳ್ಳ ಅಲ್ಲ, ಸುಬ್ಬಯ್ಯನೋರೇ. ಅರಿಶಿನ ಹಚ್ಚಿಟ್ಟುಕೊಂಡು ಕಳ್ಳರು ಓಡಾಡಲ್ಲ,” ಎಂದಳು ನಯನ.

ಸಂದರ್ಶಕರ ಪುಸ್ತಕದಲ್ಲಿ ನೂರಹನ್ನೆರಡು ಅಭಿಪ್ರಾಯಗಳಿದ್ದವು. ಬಹುಪಾಲು ‘ಚೆನ್ನಾಗಿದೆ’. ಒಂದು ಮಾತ್ರ ಕಾಗದ ಹರಿಯುವಷ್ಟು ಒತ್ತಿ ಬರೆದದ್ದು: ‘ನಮ್ಮೂರ ರಾಣಿಯನ್ನು ಹರಾಜು ಹಾಕಬೇಡಿ.’ ಸಹಿ ಇರಲಿಲ್ಲ.

“ನಮ್ಮೂರೋರ ಅಭಿಮಾನ ನೋಡ್ರೀ,” ಎಂದು ಮೇಷ್ಟ್ರು ಆ ದುಃಖದಲ್ಲೂ ಸ್ವಲ್ಪ ಹಿಗ್ಗಿದರು. ನಯನ ಆ ಪುಟದ ಫೋಟೋ ತೆಗೆದುಕೊಂಡಳು.

ಅನುಮಾನ ಮೊದಲು ಹೋದದ್ದು ಅನೀಶನ ಮೇಲೆ. ಆನವಟ್ಟಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಅವನೇ ಮೇಷ್ಟ್ರ ಪರವಾಗಿ ಹರಾಜಿನ ಆ್ಯಪ್ ನೋಡಿಕೊಳ್ಳುತ್ತಿದ್ದ. ನಾಣ್ಯಗಳ ಮರ್ಮವನ್ನು ಅವರಿಂದಲೇ ಕಲಿತಿದ್ದ. ಪ್ರದರ್ಶನದಲ್ಲಿ ನಾಣ್ಯವನ್ನು ಕೊನೆಯದಾಗಿ ಮುಟ್ಟಿದವನೂ ಅವನೇ.

ಅಕ್ಟೋಬರ್ 16, ಗುರುವಾರ, 11.30. ಅನೀಶನ ಅಂಗಡಿ.

“ಫೋಟೋ ತೆಗೆದ ಮೇಲೆ ಏನು ಮಾಡಿದೆ?”

“ಜಾಗಕ್ಕೆ ಇಟ್ಟೆ, ಮೇಡಂ.”

“ಮುಚ್ಚಳ?”

ಅವನು ಗಲ್ಲ ಕೆರೆದುಕೊಂಡ. “ಅಷ್ಟ್ರಲ್ಲಿ ಟೀ ಬಂತು.”

“ಎಂಬತ್ತು ಸಾವಿರದ ನಾಣ್ಯ. ಟೀ ಬಂತು.”

“ಕದಿಯೋ ಹಂಗಿದ್ರೆ ನಾನ್ಯಾಕೆ ಫೋಟೋ ತೆಗೀಲಿ ಹೇಳಿ? ಮೊದ್ಲಾದ್ರೆ ಇಲ್ಲಿ ಕದ್ದಿದ್ದನ್ನ ಇನ್ನೊಂದೂರಲ್ಲಿ ಮಾರಬಹುದಿತ್ತು. ಈಗ ಅವಳ ಮುಖದ ಒಂದೊಂದು ಗೀರೂ ಆ್ಯಪ್‌ನಲ್ಲಿ ಐತೆ. ಲಂಡನ್‌ನೋನೂ ನೋಡ್ಯಾನೆ. ಈ ರಾಣೀನ ಯಾವ ವ್ಯಾಪಾರಸ್ಥನೂ ಕದಿಯಲ್ಲ. ಮಾರುಕಟ್ಟೆ ಗೊತ್ತಿಲ್ದೋರೇ ಕದ್ದಿರಬೇಕು.”

ಮಾತು ನ್ಯಾಯವಾಗಿತ್ತು. ಅವನು ತಾನಾಗಿಯೇ ಫೋನ್ ತೆರೆದು ತೋರಿಸಿದ. ಮಂಗಳವಾರ ಮಧ್ಯಾಹ್ನ 3.42ರ ಚಿತ್ರದಲ್ಲಿ ರಾಣಿ ಇದ್ದಳು. 3.51ಕ್ಕೆ ದೂರದಿಂದ ತೆಗೆದ ಚಿತ್ರದಲ್ಲಿ, ಆಗ ಯಾರೂ ಗಮನಿಸದ ಅರಿಶಿನದ ರೂಪಾಯಿ. ನಡುವೆ 3.47ಕ್ಕೆ ಮೇಷ್ಟ್ರು ಮುಖ್ಯೋಪಾಧ್ಯಾಯರ ಜೊತೆ ನಿಂತ ಚಿತ್ರ. ಅದರ ಅಂಚಿನಲ್ಲಿ ಹಸಿರು ಬಳೆ ತೊಟ್ಟ ಒಂದು ಕೈ, ತೋಳಿಗೆ ತೂಗಿದ ಹಳದಿ ಬಟ್ಟೆಯ ಚೀಲ. ಚೀಲದ ಮೇಲಿನ ಬರಹದಲ್ಲಿ ‘ಮಹಿಳಾ ಸ್ವಸಹಾಯ ಸಂಘ’ ಎಂಬಷ್ಟು ಕಾಣುತ್ತಿತ್ತು. ಊರಿನ ಹೆಸರನ್ನು ಮಡಿಕೆ ನುಂಗಿತ್ತು.

“ತಾಲ್ಲೂಕಿಗೆ ಇನ್ನೂರು ಸಂಘ ಅವೆ,” ಎಂದು ಸುಬ್ಬಯ್ಯ ನಿಟ್ಟುಸಿರುಬಿಟ್ಟ. ಇಬ್ಬರೂ ಆನವಟ್ಟಿಯ ಬಸ್ ನಿಲ್ದಾಣದ ಪಕ್ಕದಲ್ಲಿ ಚಹಾ ಹಿಡಿದು ನಿಂತರು. ದೀಪದ ಹಬ್ಬಕ್ಕೆ ನಾಲ್ಕೇ ದಿನ. ಚೆಂಡುಹೂವಿನ ಮೂಟೆಗಳು ಬಸ್ಸಿನ ನೆತ್ತಿ ಏರುತ್ತಿದ್ದವು. ಬಿಸಿಲು ಹೊಸದಾಗಿ ಅಚ್ಚಾದಂತೆ ಥಳಥಳಿಸುತ್ತಿತ್ತು. ಕಂಡಕ್ಟರನೊಬ್ಬ ಬಸ್ಸಿನ ಮೈ ತಟ್ಟುತ್ತ ಕೂಗತೊಡಗಿದ:

“ಜಡೆ, ಜಡೆ, ಜಡೆ... ಯಾರ್ರೀ ಜಡೆ?”

ನಯನಳ ಲೋಟ ತುಟಿಯ ಬಳಿಯೇ ನಿಂತಿತು.

“ಸುಬ್ಬಯ್ಯನೋರೇ, ಜಡೆ ಅಂದ್ರೆ ಊರಾ?”

“ಹೂಂ ಮೇಡಂ. ನಮ್ಮ ಸೊರಬ ತಾಲ್ಲೂಕೇ.”

“ನಿನ್ನೆಯಿಂದ ಜಡೆ ರಾಣಿ, ಜಡೆ ರಾಣಿ ಅಂತಿದೀವಿ. ಒಂದು ಸಲ ಹೇಳಬಾರದಿತ್ತಾ?”

“ನೀವು ಕೇಳ್ಲಿಲ್ವಲ್ಲ. ನಮಗೆ ಊರು ಅಂದ್ರೆ ಊರು, ಜಡೆ ಅಂದ್ರೆ ಜಡೆ. ಎರಡನ್ನೂ ಗಂಟು ಹಾಕಿ ನೋಡಿದೋರು ಯಾರು?”

ಅವಳು ಫೋನ್ ತೆಗೆದು ಸಂದರ್ಶಕರ ಪುಸ್ತಕದ ಆ ಸಾಲನ್ನು ಮತ್ತೆ ಓದಿದಳು. ‘ನಮ್ಮೂರ ರಾಣಿ.’ ಬರೆದವರ ಊರು ಶಿಕಾರಿಪುರವಲ್ಲ.

ಆನವಟ್ಟಿ ಠಾಣೆಗೆ ಮಾಹಿತಿ ಕೊಟ್ಟು, 2.15ಕ್ಕೆ ಅವರು ಜಡೆ ತಲುಪಿದರು. ಮಹಿಳಾ ಸಂಘದ ಅಧ್ಯಕ್ಷೆ ಗಂಗಾಶ್ರೀ ತಕ್ಷಣ ಒಪ್ಪಿಕೊಂಡಳು: ಮಂಗಳವಾರ ಹನ್ನೊಂದು ಮಂದಿ ಶಿಕಾರಿಪುರಕ್ಕೆ ತರಬೇತಿಗೆ ಹೋಗಿದ್ದುದು ನಿಜ, ಬಸ್ಸಿಗೆ ಇನ್ನೂ ಸಮಯವಿದ್ದುದರಿಂದ ನಾಣ್ಯ ನೋಡಿದ್ದೂ ನಿಜ.

“ಹಸಿರು ಬಳೆ ಯಾರು ಹಾಕಿದ್ರು?”

“ಹನ್ನೊಂದು ಮಂದಿಯೂ, ಮೇಡಂ.”

“ರಾಣಿ ವಿಷಯ ಯಾರು ಜಾಸ್ತಿ ಮಾತಾಡಿದ್ರು?”

ಗಂಗಾಶ್ರೀ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. “ಅದಾ? ಬಂಗಾರಮ್ಮತ್ತೆ. ನಿನ್ನೆಯಿಂದ ಮನೆಮನೆಗೆ ಕರೀತಾವ್ಳೆ, ಬರ್ರೀ, ನಮ್ ರಾಣಿ ಮನೆಗೆ ಬಂದಾಳೆ ಅಂತ. ದೇವ್ರ ಪಟ ತಂದಿರಬೇಕು ಅಂದ್ಕೊಂಡಿದ್ವಿ.”

ಬಂಗಾರಮ್ಮನಿಗೆ ಅರವತ್ನಾಲ್ಕು. ಖಾಕಿ ಕಂಡು ಅವಳು ಗಾಬರಿಯಾಗಲಿಲ್ಲ, ಚಾಪೆ ಹಾಸಿದಳು.

“ಬಾ ತಂಗಿ, ನೀನೂ ನೋಡೋಕೆ ಬಂದ್ಯಾ? ಕಾಲು ತೊಳ್ಕಂಡು ಬಾ.”

ದೇವರ ಗೂಡಿನಲ್ಲಿ, ವೀಳ್ಯದೆಲೆಯ ಮೇಲೆ, ಕನ್ನಡಿಯ ಚೂರಿನಂತೆ ಹೊಳೆಯುತ್ತ ಕೂತಿದ್ದಳು ಇಂಗ್ಲೆಂಡಿನ ರಾಣಿ. ಹಣೆಗೆ ಕುಂಕುಮ, ಕಿರೀಟದ ಮೇಲೆ ಮಲ್ಲಿಗೆಯ ಒಂದು ಮೊಗ್ಗು. ಮೇಷ್ಟ್ರು ಹೇಳಿದ್ದ ನೀಲಿಗಪ್ಪು ಬಣ್ಣ ಎಲ್ಲೂ ಇರಲಿಲ್ಲ.

“ಇದನ್ನ ತೊಳೆದ್ರಾ?”

“ಹೂಂ ಮತ್ತೆ. ಪಾಪ, ಕರ್ರಗಾಗಿದ್ಲು. ಯಾರೂ ನೀರು ಕಾಣಿಸಿದ್ದಿಲ್ಲ. ಹುಣಸೆಹಣ್ಣಿನಾಗೆ ನೆನೆಹಾಕಿ, ವಿಭೂತಿಯಾಗೆ ಎರಡು ಸಲ ತಿಕ್ಕಿದೆ. ಈಗ ನೋಡು, ಮದುವಣಗಿತ್ತಿ.”

ಸುಬ್ಬಯ್ಯ ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರನ್ನು ಅಧ್ಯಯನ ಮಾಡತೊಡಗಿದ.

“ಯಾಕೆ ತಗೊಂಡ್ರಿ?”

“ಚೀಟಿ ಹಾಕಿದ್ರಲ್ಲ, ಜಡೆ ರಾಣಿ ಅಂತ. ನಮ್ಮೂರಿಗೆ ಒಬ್ಳು ರಾಣಿ ಇದ್ಲು ಅಂತ ನಮ್ಮವ್ವ ಹೇಳ್ತಿದ್ಲು. ಅದ್ರ ಮೇಲಿನ ಅಕ್ಷರಾನೂ ನಮ್ಮೂರ ಕಲ್ಲಿನ ಮೇಲಿನ ಹಳೇ ಕನ್ನಡದಂಗೇ ಇತ್ತು. ಒಂದೂ ಓದಕ್ಕೆ ಬರ್ಲಿಲ್ಲ, ಅದಕ್ಕೇ ಗ್ಯಾರಂಟಿ ಆತು.”

“ಕೇಳಿ ತಗೋಬಹುದಿತ್ತಲ್ಲ.”

“ಹರಾಜು ಹಾಕ್ತೀವಿ ಅಂತ ಬೋರ್ಡ್ ಬರೆದೋರನ್ನ ಏನು ಕೇಳೋದು?” ಅವಳ ದನಿ ಮೊದಲ ಬಾರಿಗೆ ಗಡುಸಾಯಿತು. “ಹೆಣ್ಣಿನ ಮಾನ ಹರಾಜು ಹಾಕಬಾರದು ತಂಗಿ, ರಾಣಿಯಾದ್ರೂ ಅಷ್ಟೇ, ಕೂಲಿಯಾದ್ರೂ ಅಷ್ಟೇ. ಪುಸ್ತಕದಾಗೆ ಬರ್ದೆ. ಯಾರೂ ಓದ್ಲಿಲ್ಲ. ಕರ್ಕೊಂಡು ಬಂದೆ. ಬರಿಗುಳಿ ಬಿಡಬಾರದು ಅಂತ ಸೆರಗಿನ ಗಂಟಿನ ಮುಡುಪಿನ ರೂಪಾಯಿ ಇಟ್ಟೆ.”

3.30ಕ್ಕೆ ಜಪ್ತಿ ಪಂಚನಾಮೆ. ‘ಒಂದು ಬೆಳ್ಳಿ ನಾಣ್ಯ, ಕುಂಕುಮಸಹಿತ’ ಎಂದು ಸುಬ್ಬಯ್ಯ ಬರೆದ. ಆರೋಪಿ ಅರವತ್ತು ದಾಟಿದವಳಾದ್ದರಿಂದ ನಯನ ಡಿವೈಎಸ್‌ಪಿಯವರಿಗೆ ಕರೆಮಾಡಿ ಅನುಮತಿ ಪಡೆದಳು. 4.10ಕ್ಕೆ, ಗಂಗಾಶ್ರೀಯ ಸಾಕ್ಷಿಯಲ್ಲಿ, ದಸ್ತಗಿರಿ. ಬಂಗಾರಮ್ಮ ಮೆಮೋಗೆ ಒತ್ತಿ ಒತ್ತಿ ಸಹಿ ಮಾಡಿದಳು, ಅದೇ ಕೈಬರಹ. ಆಮೇಲೆ ಹಬ್ಬದ ದಿನ ಮನೆ ಸೇರಬಹುದೇ ಎಂದು ಮೆಲ್ಲಗೆ ಕೇಳಿದಳು. ನಯನ ಮೆಮೋವನ್ನು ಮಡಿಚಿ ಕಡತಕ್ಕೆ ಸೇರಿಸಿದಳು. ಎಂಬತ್ತು ಸಾವಿರದ ಕಳವಿಗೆ ಠಾಣೆಯಲ್ಲಿ ಜಾಮೀನಿಲ್ಲ.

ಸಂಜೆ 5.40, ಶಿಕಾರಿಪುರ ಠಾಣೆ. ಗುರುತಿಸಲು ಬಂದ ಮೇಷ್ಟ್ರು ನಾಣ್ಯವನ್ನು ಬೆಳಕಿಗೆ ಹಿಡಿದು ತಿರುವಿ ನೋಡಿದರು. ಜೊತೆಗಿದ್ದ ಅನೀಶ ಭೂತಗನ್ನಡಿ ಹಿಡಿದು ನೋಡಿ ತಲೆಯಾಡಿಸಿದ.

“ಮುಗೀತು ಸರ್. ತೊಳೆದದ್ದು ಅಂತ ಬರೆದು ವಾಪಸ್ ಕಳಿಸ್ತಾರೆ. ಅಂಕಾನೇ ಇಲ್ಲ. ಈಗ ಮೂರೂವರೆ ಸಾವಿರ ಬಂದ್ರೆ ಹೆಚ್ಚು.”

ಬೆಂಚಿನ ಮೇಲಿದ್ದ ಬಂಗಾರಮ್ಮನನ್ನು ಮೇಷ್ಟ್ರು ನೋಡಿದರು. “ಏನ್ ಹಾಕಿ ತಿಕ್ಕಿದ್ರಿ?”

“ವಿಭೂತಿ, ಮೇಷ್ಟ್ರೇ.”

“ನನ್ನ ಹೆಂಡತಿ ಜಗದಾಂಬ ನಲವತ್ತು ವರ್ಷದಿಂದ ಅದನ್ನೇ ಹಾಕ್ತೀನಿ ಅಂತಿದ್ಲು. ಬೀಗ ಹಾಕಿ ಇಟ್ಟಿದ್ದೆ.” ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಕೊನೆಗೆ ನಗು ಹೊರಬಂತು.

ನಗು ನಿಂತ ಮೇಲೆ ನಯನ ಕಾನೂನಿನ ತೊಡಕನ್ನು ಹೇಳಿದಳು: ಬೆಲೆ ಐದು ಸಾವಿರದ ಒಳಗಾದರೆ ಆಕೆಗೆ ಜಾಮೀನು ಸಿಗುತ್ತದೆ, ವಸ್ತು ವಾಪಸಾದ್ದರಿಂದ ಶಿಕ್ಷೆಯೂ ಸಮುದಾಯ ಸೇವೆಯಲ್ಲಿ ಮುಗಿಯಬಹುದು. ಆದರೆ ಲೆಕ್ಕಕ್ಕೆ ಬರುವುದು ಕದ್ದ ದಿನದ ಬೆಲೆ.

ಮೇಷ್ಟ್ರು ಬಹಳ ಹೊತ್ತು ರಾಣಿಯ ಮುಖ ನೋಡಿದರು. ಮುಂಬಯಿಗೆ ಕಳಿಸಬೇಕಿದ್ದ ಹದಿನೆಂಟನೆಯ ತಾರೀಕು ಅವರ ಕಣ್ಣಿನಿಂದ ಮೆಲ್ಲಗೆ ಇಳಿದುಹೋಯಿತು.

“ಬರ್ಕೊಳ್ರೀ ಮೇಡಂ, ಪೂರಕ ಹೇಳಿಕೆ. ಎಂಬತ್ತು ಸಾವಿರ ನನ್ನ ಆಸೆ. ಒಬ್ಬನೂ ಇನ್ನೂ ಸವಾಲು ಹಾಕಿದ್ದಿಲ್ಲ. ಕೊಂಡದ್ದು 1984ರಲ್ಲಿ, ನೂರಿಪ್ಪತ್ತು ರೂಪಾಯಿಗೆ. ರಸೀದಿ ಐತೆ. ಇದು ಬಿಟ್ಟು ಬೇರೆ ಬೆಲೆ ನನಗೆ ಗೊತ್ತಿಲ್ಲ.”

ನಯನ ಅದನ್ನು ಅಕ್ಷರಶಃ ಬರೆದುಕೊಂಡಳು.

ಬೆಂಚಿನಿಂದ ಬಂಗಾರಮ್ಮನ ದನಿ ಬಂತು. “ನೂರಿಪ್ಪತ್ತಾ? ಹಂಗಾದ್ರೆ ನಾನು ಐನೂರು ಕೊಡ್ತೀನಿ.”

“ಐನೂರೊಂದು,” ಎಂದ ಸುಬ್ಬಯ್ಯ, ಬಾಯಿ ತಡೆಯಲಾರದೆ.

“ಆರುನೂರು,” ಎಂದಳು ಜಾಮೀನಿಗೆ ನಿಲ್ಲಲು ಬಂದಿದ್ದ ಗಂಗಾಶ್ರೀ. “ಸಂಘದ ಪರವಾಗಿ.”

“ಸಂಘಕ್ಕೆ ಯಾಕೆ ಬಿಡ್ಲಿ? ಏಳುನೂರು,” ಎಂದಳು ಬಂಗಾರಮ್ಮ.

ದನಿಗಳು ಕಿಟಕಿ ದಾಟಿ ಬೀದಿಗೆ ಹೋದವು. ಹೊರಗೆ ಇಬ್ಬರು ನಿಂತು ಇಣುಕಿದರು. ಮೇಷ್ಟ್ರ ಬೆನ್ನು ನೆಟ್ಟಗಾಯಿತು. ಹುಬ್ಬಳ್ಳಿಯ ಹಳೆಯ ಹಾಲಿನಲ್ಲಿ ನಿಂತವರಂತೆ ಅವರು ಬಲಗೈ ಎತ್ತಿದರು.

“ಏಳುನೂರು, ಒಂದು ಸಲ. ಏಳುನೂರು, ಎರಡು ಸಲ...”

ಎಲ್ಲರೂ ಕಾದರು. ಅವರು ಮೂರನೆಯ ಸಲ ಅನ್ನಲಿಲ್ಲ. ಕೈ ಇಳಿಸಿ, ರಾಣಿಯ ಹಣೆಯ ಕುಂಕುಮ ಅಳಿಯದಂತೆ ಅಂಚು ಹಿಡಿದು ಲಕೋಟೆಗೆ ಹಾಕಿ, ನ್ಯಾಯಾಲಯಕ್ಕೆ ಕಳಿಸಲು ಮುದ್ರೆ ಒತ್ತುವಂತೆ ಸುಬ್ಬಯ್ಯನಿಗೆ ಕೊಟ್ಟರು.

6.55ಕ್ಕೆ ಬಂಗಾರಮ್ಮ ಜಾಮೀನಿನ ಮೇಲೆ ಹೊರಟಳು. ಬಾಗಿಲಲ್ಲಿ ತಿರುಗಿ, ಹಬ್ಬಕ್ಕೆ ಜಗದಾಂಬನನ್ನೂ ಕರೆತರಬೇಕೆಂದು ಮೇಷ್ಟ್ರಿಗೆ ತಾಕೀತು ಮಾಡಿದಳು. ಠಾಣೆ ಖಾಲಿಯಾದ ಮೇಲೆ ನಯನ ಕೇಸ್ ಡೈರಿ ತೆರೆದಳು. ಕೃತ್ಯದ ಉದ್ದೇಶ ಎಂಬಲ್ಲಿ ‘ದುರಾಸೆ’ ಎಂದು ಬರೆಯುವುದು ರೂಢಿ. ಅವಳು ಪೆನ್ನು ಹಿಡಿದು ಕೊಂಚ ಯೋಚಿಸಿ, ಒತ್ತಿ ಒತ್ತಿ ಬರೆದಳು: ‘ತನ್ನ ಊರಿನ ಹೆಣ್ಣೊಬ್ಬಳು ಹರಾಜಾಗಬಾರದೆಂದು.’