ಹತ್ತನೆಯ ತಲೆ

ಬೆಳಿಗ್ಗೆ ಹತ್ತು ಇಪ್ಪತ್ತು. ರಸ್ತೆಯಲ್ಲಿ ನಾವು ಒಂಬತ್ತು ಜನ.

ಹತ್ತನೆಯವನು ಓಡಿ ಬರುತ್ತಿದ್ದ!

ಬಂದು ಸೇರಿದನೋ... ಅಷ್ಟೂ ಜನ ಪೊಲೀಸ್ ವ್ಯಾನಿಗೆ!

ಮೆರವಣಿಗೆಗಳಿಗೆ ಪರ್ಮಿಷನ್ ಮಾಡಿಸಿಕೊಡುವುದು ನನ್ನ ಕಸುಬು ಸ್ವಾಮಿ. ರಸ್ತೆಯಲ್ಲಿ ಹತ್ತು ಜನ ಒಟ್ಟಿಗೆ ನಡೆದರೂ ನಿಂತರೂ ನಮ್ಮಲ್ಲಿ ಅದು ಮೆರವಣಿಗೆ. ಆರು ಕೆಲಸದ ದಿನ ಮೊದಲೇ ನೋಟಿಸ್ ಕೊಡಬೇಕು. ನಾನು ಭಾನುವಾರವನ್ನೂ ಎಣಿಸಿಬಿಟ್ಟಿದ್ದೆ! ಅರ್ಜಿ ವಾಪಸ್.

ಹನ್ನೊಂದಕ್ಕೆ ಪುರಸಭೆಯಲ್ಲಿ ವೋಟು: ಹೆರಿಗೆ ವಾರ್ಡ್ ಮುಚ್ಚಬೇಕೇ, ಬೇಡವೇ? ಗ್ಯಾಲರಿಯಲ್ಲಿ ಐವತ್ತು ಜನ ಕೂತರೆ ಮಾತ್ರ ನರ್ಸ್‌ಗಳ ಮನವಿ ಓದುತ್ತಾರೆ. ಹತ್ತಕ್ಕೆ ಡ್ಯೂಟಿ ಮುಗಿಸಿ ಹೊರಟ ನರ್ಸ್‌ಗಳು ಐವತ್ತಮೂರು. ಜತೆಗೆ ನಾನು. ಇರುವುದು ಒಂದೇ ರಸ್ತೆ.

ಒಂಬತ್ತರಂತೆ ಆರು ಗುಂಪು ಮಾಡಿದೆ. ನಡುವೆ ಐವತ್ತು ಹೆಜ್ಜೆ.

ಓಡಿ ಬಂದವನಿಗೆ ಊರಿಟ್ಟ ಹೆಸರು ಬುಲ್ಡೋಜರ್. ವಾರ್ಡಿನ ಜಾಗದ ಮೇಲೆ ಕಣ್ಣಿಟ್ಟ ಕಂಟ್ರಾಕ್ಟರನ ಬಂಟ.

"ಏನ್ ಗುರು, ನಾನೂ ಬರ್ಲಾ?"

ಹಿಂದೆಯೇ ಇನ್‌ಸ್ಪೆಕ್ಟರ್. ಬೆರಳು ಚಾಚಿ ಎಣಿಸುತ್ತಿದ್ದರು.

"ಏಳು... ಎಂಟು..."

ಯಾರು ಕರೆದರೆಂದು ಈ ಕಾನೂನು ಕೇಳುವುದಿಲ್ಲ. ತಲೆ ಎಣಿಸುತ್ತದೆ, ಅಷ್ಟೇ.

ನಾನು ಆಚೆ ಫುಟ್‌ಪಾತಿಗೆ ಹಾರಿದೆ!

"...ಒಂಬತ್ತು. ಛೇ!"

ಬುಲ್ಡೋಜರ್ ಎರಡನೇ ಗುಂಪಿಗೆ ನುಗ್ಗಿದ. ಅಲ್ಲಿಂದ ಒಬ್ಬಳು ಹೊರಗೆ ಜಿಗಿದಳು. ನಾನು ಮೊದಲನೆಯದಕ್ಕೆ ವಾಪಸ್! ಅವನು ಮೂರನೆಯದಕ್ಕೆ. ಅಲ್ಲಿ ವಾರ್ಡಿನ ಮುಖ್ಯಸ್ಥೆ ದೊಡ್ಡ ಸಿಸ್ಟರ್ ಸೀರೆ ಎತ್ತಿ ಹಿಡಿದು ಪಕ್ಕಕ್ಕೆ ಜಿಗಿದರು.

"ಯಾಕಪ್ಪಾ ಹಿಂಗ್ ಓಡ್ತೀಯಾ? ನೋವು ಶುರುವಾಯ್ತಾ?"

ನರ್ಸ್‌ಗಳು ಬಿದ್ದು ಬಿದ್ದು ನಕ್ಕರು.

"ಒಂದ್ ಕಡೆ ನಿಲ್ರೀ! ಎಣಿಸೋಕೇ ಆಗ್ತಿಲ್ಲ!" ಇನ್‌ಸ್ಪೆಕ್ಟರ್ ಕಿರುಚಿದರು.

ಆರನೇ ಗುಂಪು ಮುಗಿಯುವಷ್ಟರಲ್ಲಿ ಬುಲ್ಡೋಜರ್ ಏದುಸಿರು ಬಿಡುತ್ತಿದ್ದ. ತಲೆ ಕೆಟ್ಟಿತು. ಶಿಳ್ಳೆ ಹೊಡೆದ.

"ಬನ್ರೋ ಎಲ್ಲಾ! ಗೇಟಿಗೆ ಅಡ್ಡ ನಿಲ್ರಿ!"

ಗಲ್ಲಿಯಿಂದ ಅವನ ಕಡೆಯವರು ನುಗ್ಗಿ ಬಂದರು. ಪುರಸಭೆಯ ಗೇಟಿಗೆ ಅಡ್ಡಲಾಗಿ, ಭುಜಕ್ಕೆ ಭುಜ ಕೊಟ್ಟು ನಿಂತರು. ಅಲುಗಾಡಲಿಲ್ಲ.

ನಾನು ಎಣಿಸಿದೆ. ನನ್ನ ಎದೆ ಹಗುರಾಯಿತು.

"ಸಾರ್, ಇವರನ್ನೂ ಸ್ವಲ್ಪ ಎಣಿಸ್ತೀರಾ?"

ಇನ್‌ಸ್ಪೆಕ್ಟರ್ ಎಣಿಸಿದರು. ಬುಲ್ಡೋಜರ್ ಸೇರಿ ಸರಿಯಾಗಿ ಹತ್ತು! ಅಷ್ಟು ಹೊತ್ತಿನಲ್ಲಿ ಮೊದಲ ಬಾರಿ ಅವರ ಮುಖ ಅರಳಿತು.

"ನೋಟಿಸ್ ಕೊಟ್ಟಿದ್ದೀಯೇನಯ್ಯಾ?"

"ಸಾರ್... ನಾವು ನಿಮ್ಮ ಕಡೆಯವರು ಸಾರ್!"

"ಹತ್ತು ಅಂದ್ರೆ ಹತ್ತು. ಹತ್ತು ವ್ಯಾನು!"

ಹತ್ತು ಐವತ್ತೆಂಟಕ್ಕೆ ಐವತ್ತನಾಲ್ಕು ಜನ ಗ್ಯಾಲರಿಯಲ್ಲಿ ಕೂತೆವು. ಮನವಿ ಓದಿದರು. ಮೂರು ಮತಗಳ ಅಂತರದಲ್ಲಿ ವಾರ್ಡ್ ಉಳಿಯಿತು.

ಮುಂದಿನ ವಾರ ಅದೇ ವಾರ್ಡಿನಲ್ಲಿ ಬುಲ್ಡೋಜರನ ಹೆಂಡತಿಗೆ ಹೆಣ್ಣು ಮಗುವಾಯಿತು. ನೋಡಲು ಬಂದ ಅವನನ್ನು ದೊಡ್ಡ ಸಿಸ್ಟರ್ ಒಂದು ಗಂಟೆ ಬಾಗಿಲ ಹೊರಗೆ ನಿಲ್ಲಿಸಿದರು.